ಎಡಗಡೆಯ ಕಿಟಕಿ

ಅಕ್ಟೋಬರ್ 21, ಸೋಮವಾರ

ಇವತ್ತು ಹೊಸ ಹುಡುಗಿಯೊಬ್ಬಳನ್ನು ನನ್ನ ಕೈಗೆ ಒಪ್ಪಿಸಿದರು. ಹೆಸರು ಸೌಂದರ್ಯಾ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯವಳು, ಹೊಳೆದಂಡೆಯ ಊರು. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ವಿಮಾನ ಹಾರಿಸಲು ಕಲಿಯಬಂದವರಲ್ಲಿ ನಮ್ಮ ತರಬೇತಿ ಶಾಲೆಗೆ ಇವಳೇ ಮೊದಲಿಗಳು. ಮುಖ್ಯ ತರಬೇತುದಾರರಾದ ಸುಭಾಸ ಸರ್ ನನ್ನನ್ನು ಕರೆದು, "ಆಯೇಶಾ, ಈಕಿ ನಿನ್ನ ಹಂತೇಕ ಇರ್ಲಿ. ನೀ ಸಮಾಧಾನದಾಕಿ. ಹೊಸಬರು ನಿನ್ನ ಕೈಯಾಗ ಛಲೋ ತಯಾರ ಆಗ್ತಾರ" ಎಂದರು. ಕೇಳಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಕನ್ನೊಳ್ಳಿಯ ಆಚೆ ಸಕ್ಕರೆ ಕಾರ್ಖಾನೆಯವರು ಹಾಕಿಸಿದ ಈ ರನ್‌ವೇಯ ತುದಿಯಲ್ಲಿ ಅವಳನ್ನು ನಿಲ್ಲಿಸಿ ಮೊದಲ ಪಾಠ ಹೇಳಿದೆ. ಎಲ್ಲರಿಗೂ ಹೇಳುವುದೇ. ಇಲ್ಲಿ ಟವರ್ ಇಲ್ಲ. ಮೇಲೆ ಕುಳಿತು ನೀನು ಬಾ, ನೀನು ನಿಲ್ಲು ಎನ್ನುವವರು ಯಾರೂ ಇಲ್ಲ. ಇಳಿಯುವವರು ರನ್‌ವೇಯನ್ನು ಒಂದು ಸುತ್ತು ಹಾಕಿಕೊಂಡು ಬರುತ್ತಾರೆ, ಆ ಸುತ್ತಿಗೆ ಸರ್ಕಿಟ್ ಅನ್ನುತ್ತೇವೆ. ಸುತ್ತಿನ ಪ್ರತಿ ತಿರುವಿನಲ್ಲೂ ನಾನು ಇಲ್ಲಿದ್ದೇನೆ ಎಂದು ರೇಡಿಯೋದಲ್ಲಿ ತಾವೇ ಹೇಳಬೇಕು. ಬೇರೆಯವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ತೆರೆದು ನೋಡುತ್ತಿರಬೇಕು. ಸಣ್ಣ ವಿಮಾನಗಳು ಒಂದಕ್ಕೊಂದು ಬಡಿಯುವುದು ದೂರದ ಆಕಾಶದಲ್ಲಲ್ಲ. ಇಲ್ಲೇ, ರನ್‌ವೇಯ ಹತ್ತಿರ, ಎಲ್ಲರೂ ಒಂದೇ ಬಾಗಿಲಿಗೆ ಬರುವಲ್ಲಿ.

ಅವಳು ಕೇಳಿಸಿಕೊಂಡು, "ಹಂಗಾರ ನಮ್ಮ ಮುದ್ದೇಬಿಹಾಳ ಬಸ್‌ಸ್ಟ್ಯಾಂಡ್ ಇದ್ಹಂಗ ಐತ್ರಿ ಮೇಡಮ್. ಎಲ್ಲಾರೂ ಹಾರ್ನ್ ಹೊಡಕೋತ ಒಂದ ಗೇಟಿನ್ಯಾಗ ನುಗ್ಗತಾರ" ಎಂದಳು. ನಕ್ಕುಬಿಟ್ಟೆ. ಇಷ್ಟು ವರ್ಷದಿಂದ ನಾನು ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ವಿಮಾನದಲ್ಲಿ ಕಲಿಯುವವರು ಎಡಗಡೆ, ಕಲಿಸುವವರು ಬಲಗಡೆ. ನನ್ನ ಸೀಟಿನಿಂದ ಎಡಗಡೆಯ ಕೆಳಗಿನದು ಕಾಣುವುದಿಲ್ಲ. "ಆ ಕಡಿ ನನ್ನ ಕಣ್ಣು ನೀನ. ಏನ್ ಕಂಡ್ರೂ ಹೇಳು. ತಪ್ಪಾದ್ರೂ ಚಿಂತಿಲ್ಲ" ಎಂದೆ.

"ಮಾತಾಡೂದು ನನಗ ಕಲಿಸಬೇಕಾಗಿಲ್ಲರಿ" ಎಂದಳು.

ಅಕ್ಟೋಬರ್ 30

ನಿಜವೇ, ಕಲಿಸಬೇಕಾಗಿಲ್ಲ. ಚಕ್ರ ನೆಲ ಬಿಟ್ಟ ಕೂಡಲೇ ಬಾಯಿ ತೆರೆಯುತ್ತದೆ, ಚಕ್ರ ನೆಲ ಮುಟ್ಟುವ ತನಕ ಮುಚ್ಚುವುದಿಲ್ಲ. "ಮೇಡಮ್, ಕಬ್ಬಿನ ಟ್ರ್ಯಾಕ್ಟರ್ ಹೊಂಟಾವ್ರಿ. ಮೇಡಮ್, ಆ ಕೆರಿ ನೋಡ್ರಿ, ರೊಟ್ಟಿ ಹರದ್ಹಂಗ ಐತಿ. ಮೇಡಮ್, ಎಡಕ್ಕ ಹದ್ದು." ಆ ಕೊನೆಯದನ್ನು ಕೂಡ ಅದೇ ರಾಗದಲ್ಲಿ ಹೇಳಿದಳು. ಹದ್ದು ನಮ್ಮ ಮಟ್ಟದಲ್ಲೇ ಸುತ್ತುತ್ತಿತ್ತು, ನನಗೆ ಕಂಡಿರಲಿಲ್ಲ. ಬಲಕ್ಕೆ ಹೊರಳಿಸಿದೆ. ರೆಕ್ಕೆಯ ಹೊರಗೆ ಅದರ ಹಳದಿ ಕಾಲು ಕಂಡವು.

ಇಳಿದ ಮೇಲೆ ನನ್ನ ಡಬ್ಬಿಯಲ್ಲಿದ್ದ ನಿಂಬೆ ಉಪ್ಪಿನಕಾಯಿ ಕೊಟ್ಟೆ. ನನ್ನ ಊರು ಇಂಡಿಯಿಂದ ಅಮ್ಮೀ ಕಳಿಸಿದ್ದು. ಬೆರಳು ನೆಕ್ಕುತ್ತ, "ನಿಮ್ಮ ಅಮ್ಮೀಗೆ ಹೇಳ್ರಿ, ತಂಗಡಗಿಯಿಂದ ಒಬ್ಬಾಕಿ ಗಿರಾಕಿ ಆಗ್ಯಾಳ ಅಂತ" ಎಂದಳು. ಒಳ್ಳೆಯ ಹುಡುಗಿ. ಕೈ ಹಗುರ, ಕಣ್ಣು ಚುರುಕು. ಬೇಗ ಒಬ್ಬಳೇ ಹಾರುತ್ತಾಳೆ.

ನವೆಂಬರ್ 8, ಶುಕ್ರವಾರ

ಇವತ್ತು ಸಾಯಬೇಕಿತ್ತು.

ಕಾಲುವೆ, ರಸ್ತೆಗಳ ಫೋಟೋ ತೆಗೆಯುವ ಖಾಸಗಿ ಕಂಪನಿಯ ವಿಮಾನವೊಂದು ನಮ್ಮ ರನ್‌ವೇಯನ್ನೇ ಬಳಸುತ್ತದೆ. ಅದನ್ನು ಹಾರಿಸುವವರು ರಾವಸಾಬ ಸರ್. ನಾನು ಹುಟ್ಟುವ ಮೊದಲೇ ಹಾರಲು ಶುರು ಮಾಡಿದವರು. ನಾವು ಇಳಿಯಲೆಂದು ಸರ್ಕಿಟ್‌ನ ಕೊನೆಯ ತಿರುವಿಗೆ ಬಂದಿದ್ದೆವು. ಸೌಂದರ್ಯಾ ತಂಗಡಗಿಯ ಹೊಳೆಯನ್ನು ಹರಗೋಲಿನಲ್ಲಿ ದಾಟಿ ಅತ್ತೆಯ ಊರಿಗೆ ಹೋದ ಕಥೆ ಹೇಳುತ್ತಿದ್ದಳು. ನಾನೂ ಕೇಳುತ್ತಿದ್ದೆ. ಆ ಮಾತಿನ ನಡುವೆ ರೇಡಿಯೋ ಏನೋ ಅಂದಿತು. 'ಫೈನಲ್', ಅಂದರೆ ಇಳಿಯುವ ಕೊನೆಯ ನೇರ ದಾರಿ, ಎಂಬ ಒಂದು ಪದವಷ್ಟೇ ಕಿವಿಗೆ ಬಿತ್ತು. ಯಾರೋ ಇಳಿದಿರಬೇಕು ಎಂದುಕೊಂಡು ತಿರುಗಿಸಲು ಹೇಳಿದೆ.

ಗಾಜಿನ ತುಂಬ ಬಿಳಿ ಹೊಟ್ಟೆ. ಅದರ ಕೆಳಗೆ ಹರಿದ ಎಣ್ಣೆಯ ಕಲೆಯೂ ಕಂಡಿತು. ಹಿಡಿಕೆಯನ್ನು ಮುಂದಕ್ಕೆ ಒತ್ತಿದೆ. ರಾವಸಾಬ ಸರ್ ನಮ್ಮ ಮೇಲಿಂದ ಹಾದುಹೋದರು.

ಕೆಳಗೆ ಎಲ್ಲ ವಿದ್ಯಾರ್ಥಿಗಳೂ ನಿಂತಿದ್ದರು. ರಾವಸಾಬ ಸರ್ ಅವರೆದುರಿಗೇ, "ಏನ್ರಿ ಆಯೇಶಾ ಮೇಡಮ್, ನಿಮ್ಮ ವಿಮಾನದಾಗ ರೇಡಿಯೋ ಐತೋ, ಇಲ್ಲಾ ಹಾಡ ಹಚ್ಚಿಕೊಂಡ ಹಾರ್ತೀರೋ?" ಎಂದರು. ಸೌಂದರ್ಯಾ ಮುಂದೆ ಬಂದು, ತಪ್ಪು ನನ್ನದು, ನಾನು ಮಾತಾಡುತ್ತಿದ್ದೆ ಎಂದಳು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಸರ್ಕಾರದ ರೊಕ್ಕದಾಗ ಹಾರಾಕ ಬಂದವ್ರಿಗೆ ಯಾತರ ಕಿಮ್ಮತ್ತೂ ಇರೂದಿಲ್ಲ ಬಿಡ" ಎಂದರು.

ಮೈಯೆಲ್ಲ ಉರಿಯಿತು. ಇದಕ್ಕೆ ಉತ್ತರ ಕೊಡಬೇಕಿತ್ತು.

ಸುಭಾಸ ಸರ್ ಆಫೀಸಿಗೆ ಕರೆದು ಬಾಗಿಲು ಹಾಕಿದರು. "ನಿನ್ನ ಮೆತ್ತನ ಸ್ವಭಾವ ಒಂದಿನ ಯಾರನ್ನರ ಕೊಲ್ಲತೈತಿ ಆಯೇಶಾ. ಆ ಹುಡುಗಿ ಬಾಯಿ ಬಂದ್ ಮಾಡಸು. ಇಲ್ಲಂದ್ರ ನೀ ಬಿಡು, ಬ್ಯಾರೇದವ್ರ ಮಾಡಸ್ತಾರ."

ನವೆಂಬರ್ 9

ಇವತ್ತಿನಿಂದ ಸರ್ಕಿಟ್‌ನಲ್ಲಿ ಮಾತಿಲ್ಲ. ಸೌಂದರ್ಯಾಳಿಗೆ ಪ್ರೀತಿಯಿಂದಲೇ ಹೇಳಿದೆ. "ಆಯ್ತ್ರಿ ಮೇಡಮ್, ತುಟಿಗೆ ಹೊಲಿಗಿ ಹಾಕೋತೇನಿ" ಎಂದು ಹೊಲಿಯುವ ಹಾಗೆ ಕೈಮಾಡಿ ತೋರಿಸಿದಳು. ನಗು ಬರಲಿಲ್ಲ.

ನವೆಂಬರ್ 20

ತುಟಿಯ ಹೊಲಿಗೆ ನಿಲ್ಲುತ್ತಿಲ್ಲ. ಇವತ್ತು ಇಳಿಯುವಾಗ ಮತ್ತೆ ಬಾಯಿ ತೆರೆದಳು. "ಮೇಡಮ್, ರನ್‌ವೇ ಮ್ಯಾಲ ನಾಯಿ." ಅಲ್ಲಿಗೇ ಹಿಡಿಕೆ ಕಿತ್ತುಕೊಂಡೆ, ವಿಮಾನ ಮೇಲೆತ್ತಿದೆ, ಇನ್ನೊಂದು ಸುತ್ತು ಹಾಕಿ ನಾನೇ ಇಳಿಸಿದೆ. ಇವತ್ತಿನ ಪಾಠ ಫೇಲು ಎಂದು ಬರೆದೆ.

"ನಾಯಿ ಖರೇನ ಇತ್ತಲ್ರಿ" ಎಂದಳು. ಕಣ್ಣಲ್ಲಿ ನೀರು.

ನಾಯಿ ಇದ್ದದ್ದು ನಿಜ. ಆದರೆ ಅದು ನನಗೂ ಕಾಣುತ್ತಿತ್ತು. ತುಸು ಹೊತ್ತಾದ ಮೇಲೆ ಕಂಡೇ ಕಂಡಿತು. ನಾಯಿಯ ಪ್ರಶ್ನೆಯಲ್ಲ ಇದು. ಇವತ್ತು ನಾಯಿಗೆ ಬಾಯಿ ತೆರೆಯಲು ಬಿಟ್ಟರೆ ನಾಳೆ ಹರಗೋಲು ಬರುತ್ತದೆ.

ಡಿಸೆಂಬರ್ 3, ಮಂಗಳವಾರ

ಸಣ್ಣವಳಿದ್ದಾಗ ಇಂಡಿಯ ನಮ್ಮ ಶಾಲೆಯಲ್ಲಿ ಗದ್ದಲ ಮಾಡುವ ಹುಡುಗರಿಗೆ ಬಾಯಲ್ಲಿ ನೀರು ತುಂಬಿಸಿ ನಿಲ್ಲಿಸುತ್ತಿದ್ದರು. ನೆನಪಾಯಿತು. ಇವತ್ತು ವಿಮಾನ ಹತ್ತುವ ಮೊದಲು ಸೌಂದರ್ಯಾಳ ಕೈಗೆ ಬಾಟಲಿ ಕೊಟ್ಟೆ. "ಬಾಯಿ ತುಂಬ ತಗೋ. ಇಳಿದ ಮ್ಯಾಲ ನನ್ನ ಮುಂದ ಉಗುಳು. ನುಂಗಿದ್ರ ಪಾಠ ಫೇಲು" ಎಂದೆ. ರೇಡಿಯೋ ನಾನೇ ನೋಡಿಕೊಂಡೆ.

ನಾಲ್ಕು ಸುತ್ತು ಹಾಕಿದೆವು. ಎಷ್ಟು ಶಾಂತವಾಗಿತ್ತು. ರೇಡಿಯೋದ ಪ್ರತಿಯೊಂದು ಅಕ್ಷರ ಕೇಳಿಸಿತು. ಇಳಿದ ಮೇಲೆ ವಿಮಾನ ನಿಲ್ಲಿಸುವ ಹ್ಯಾಂಗರಿನ ಮುಂದೆ ಉಗುಳಿದಳು. ಉಳಿದ ವಿದ್ಯಾರ್ಥಿಗಳು ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು, ಮರೆಯುವುದಿಲ್ಲ.

ಡಿಸೆಂಬರ್ 4

ನಾನು ಹೇಳುವ ಮೊದಲೇ ಬಾಟಲಿಯ ಮುಚ್ಚಳ ತೆಗೆದಳು. ಕಲಿಯುತ್ತಿದ್ದಾಳೆ.

ಡಿಸೆಂಬರ್ 22, ಭಾನುವಾರ. ಇಂಡಿ

ರಜೆಗೆ ಮನೆಗೆ ಬಂದೆ. ಅಮ್ಮೀ ಊಟಕ್ಕೆ ಬಡಿಸುತ್ತ ಓಣಿಯ ಸುದ್ದಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಯಾರ ಮದುವೆ, ಯಾರ ಬಾಣಂತನ, ಈ ಸಲ ನಿಂಬೆಯ ಹೂವು ಹೇಗೆ ಉದುರಿತು. ಹೊರಗೆ ಯಾವುದೋ ಗಾಡಿಯ ಸದ್ದಾಯಿತು. ಸದ್ದು ಏನೆಂದು ಕೇಳಲು ನಾನು ಸುಮ್ಮನಿರು ಎಂಬಂತೆ ಅಂಗೈ ಎತ್ತಿದೆನಂತೆ. ಅಮ್ಮೀ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಬೇಟಾ, ನಾ ಏನ್ ನಿನ್ನ ವಿಮಾನದಾಗ ಕುಂತೇನೇನ?" ಎಂದಳು.

ನನಗೆ ನಗು ಬಂತು. ಅವಳು ನಗಲಿಲ್ಲ. ಆಮೇಲೆ ಊಟ ಮುಗಿಯುವ ತನಕ ಏನೂ ಹೇಳಲಿಲ್ಲ. ವಯಸ್ಸಾದಂತೆ ಅಮ್ಮೀಗೆ ಸಣ್ಣದಕ್ಕೂ ಸಿಟ್ಟು.

ಜನವರಿ 6, ಸೋಮವಾರ

ಮೊನ್ನೆ ಸೌಂದರ್ಯಾಳಿಗೆ ಹಾರುವಾಗ ನೀರು ನೆತ್ತಿಗೇರಿತು. ಕೆಮ್ಮುತ್ತ ಹಿಡಿಕೆ ಬಿಟ್ಟಳು. ಸುಭಾಸ ಸರ್, "ನೀರಿಂದೇನು ಬ್ಯಾಡ, ಏನರ ಆದ್ರ ನಮ್ಮ ಕೊಳ್ಳಿಗೆ ಬರತೈತಿ" ಎಂದರು. ಸರಿ. ಅದರ ಬದಲಿಗೆ ಹೊಸ ನಿಯಮ. ಹೇಳುವುದಿದ್ದರೆ ಬೆರಳೆತ್ತಬೇಕು. ನಾನು 'ಹೇಳು' ಅಂದ ಮೇಲೆಯೇ ಬಾಯಿ ತೆರೆಯಬೇಕು.

ಇವತ್ತು ಮೊದಲ ದಿನ, ಬೆರಳು ಎದ್ದದ್ದೇ ಎದ್ದದ್ದು. ಪ್ರತಿಸಲ ಹೇಳು ಅನ್ನಲು ನನಗೇನು ಬೇರೆ ಕೆಲಸವಿಲ್ಲವೇ? ಒಂದೆರಡು ಸಲ ಬಿಟ್ಟರೆ ಅನ್ನಲಿಲ್ಲ. ಇಳಿದ ಮೇಲೆ ಏನಿತ್ತು ಎಂದು ಕೇಳಿದೆ. "ಏನಿಲ್ಲರಿ" ಎಂದಳು. ನೋಡು, ಏನೂ ಇರುವುದಿಲ್ಲ.

ರಾವಸಾಬ ಸರ್ ಚಹಾಕ್ಕೆ ಕರೆದರು. "ಈಗ ನಿಮ್ಮ ರೇಡಿಯೋ ಮಿಲಿಟರಿ ಮಂದಿದು ಇದ್ಹಂಗ ಐತ್ರಿ. ಅವತ್ತ ನಾ ಬೈದಿದ್ದು ನಾಟತು ನೋಡ್ರಿ" ಎಂದರು. ಒರಟು ಮನುಷ್ಯ, ಆದರೆ ಅನುಭವಿ. ಅವತ್ತು ನಾನು ಅವರನ್ನು ಸುಮ್ಮನೆ ತಪ್ಪು ತಿಳಿದೆ ಅನಿಸುತ್ತದೆ.

ಜನವರಿ 17, ಶುಕ್ರವಾರ

ಸಂಕ್ರಾಂತಿಗೆ ಊರಿಗೆ ಹೋದವಳು ಒಂದು ದಿನ ತಡಮಾಡಿ ಬಂದಳು. ತಂದೆಗೆ ಜ್ವರವಂತೆ. ಇವತ್ತು ಅವಳನ್ನು ಮೊದಲ ಬಾರಿಗೆ ಒಬ್ಬಳೇ ಹಾರಲು ಬಿಡಬೇಕಿತ್ತು. ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದಳು. ತಾಯಿ ಕೊಟ್ಟ ಎಳ್ಳಿನ ಹೋಳಿಗೆಯ ಡಬ್ಬಿ ನನ್ನ ಮೇಜಿನ ಮೇಲಿಟ್ಟಳು.

"ಸರ್ಕಾರದ ರೊಕ್ಕದಾಗ ಹಾರಾಕ ಬಂದವ್ರಿಗೆ ಯಾತರ ಕಿಮ್ಮತ್ತೂ ಇರೂದಿಲ್ಲ" ಎಂದೆ. "ಒಬ್ಬಾಕಿನ ಹಾರೂದು ಇನ್ನೊಂದು ತಿಂಗಳು ಇಲ್ಲ."

ಮೊದಲಿನ ಸೌಂದರ್ಯಾ ಆಗಿದ್ದರೆ ಹತ್ತು ಮಾತು ಆಡುತ್ತಿದ್ದಳು. ಇವತ್ತು "ಹೌದ್ರಿ ಮೇಡಮ್" ಎಂದು ಹೊರಗೆ ಹೋದಳು. ಬೇರೆಯವರಿಗೆ ಆರು ತಿಂಗಳಲ್ಲಿ ಆಗದ್ದು ಇವಳಿಗೆ ಎರಡು ತಿಂಗಳಲ್ಲಿ ಆಗಿದೆ. ಹೋಳಿಗೆ ವಿದ್ಯಾರ್ಥಿಗಳಿಗೆ ಹಂಚಿದೆ.

ಜನವರಿ 29

ಇಡೀ ಹಾರಾಟದಲ್ಲಿ ಬೆರಳು ಒಮ್ಮೆಯೂ ಏಳಲಿಲ್ಲ. ಉತ್ತಮ.

ಫೆಬ್ರವರಿ 11. ವಿಜಯಪುರ, ಆಸ್ಪತ್ರೆ

ಬರೆಯಲು ಇವತ್ತು ಕುಳಿತುಕೊಳ್ಳಲು ಬಿಟ್ಟಿದ್ದಾರೆ. ಬಲಗಾಲಿಗೆ ಎರಡು ಕಡೆ ರಾಡು ಹಾಕಿದ್ದಾರೆ. ತಲೆಯಲ್ಲಿ ಎಲ್ಲ ಸ್ಪಷ್ಟವಾಗಿದೆ, ಅದು ಕಲಸುವ ಮೊದಲು ಬರೆದುಬಿಡುತ್ತೇನೆ.

ಐದನೇ ತಾರೀಖು, ಬುಧವಾರ, ಹೊತ್ತೇರಿದ ಮೇಲೆ. ಬಡಗಣ ಗಾಳಿ ಇತ್ತು, ಅದಕ್ಕೆ ದಕ್ಷಿಣದಿಂದ ಇಳಿಯುತ್ತಿದ್ದೆವು. ಸೂರ್ಯ ನನ್ನ ಬಲಭುಜದ ಹಿಂದೆ. ಸೌಂದರ್ಯಾ ಹಾರಿಸುತ್ತಿದ್ದಳು. ಪ್ರತಿ ತಿರುವಿನಲ್ಲೂ ನಾನು ರೇಡಿಯೋದಲ್ಲಿ ಹೇಳಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ಆಚೆಯಿಂದ ಯಾವ ದನಿಯೂ ಇರಲಿಲ್ಲ. ರೇಡಿಯೋ ಅಷ್ಟು ಸ್ವಚ್ಛವಾಗಿತ್ತು.

ಕೊನೆಯ ನೇರ ದಾರಿಯಲ್ಲಿ, ರನ್‌ವೇ ಎದುರಿಗೆ ಕಾಣುತ್ತಿರುವಾಗ, ಅವಳು ಬೆರಳೆತ್ತಿದಳು. ಆಮೇಲೆ ಅದೇ ಬೆರಳಿನಿಂದ ತನ್ನ ಕಡೆಯ ಕಿಟಕಿ ತೋರಿಸಿದಳು. ಕೆಳಗೆ, ನೆಲದ ಕಡೆಗೆ. ನೆಲದ ಮೇಲೆ ಏನಿರುತ್ತದೆ? ಟ್ರ್ಯಾಕ್ಟರ್, ಕೆರೆ, ಬೆಳ್ಳಕ್ಕಿ.

"ಆಮ್ಯಾಲ" ಎಂದೆ.

ಕೈ ಇಳಿಸಿದಳು. ಮತ್ತೆ ಎತ್ತಿದಳು. ಕೈಯಲ್ಲಿದ್ದ ಪೆನ್ನಿನಿಂದ ಆ ಬೆರಳಿನ ಮೇಲೆ ಹೊಡೆದೆ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎಲ್ಲಿಡಬೇಕೋ ಅಲ್ಲಿಟ್ಟಳು. ಆದರೆ ಮುಖ ಕಿಟಕಿಯಿಂದ ತಿರುಗಲಿಲ್ಲ. ಅವಳ ಕುತ್ತಿಗೆಯ ನರ ಎದ್ದಿತ್ತು. ಏನದು ಎಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದೆ.

ಕೆಳಗೆ ತೆನೆಬಿಟ್ಟ ಜೋಳದ ಹೊಲ. ಅದರ ಮೇಲೆ ನಮ್ಮ ನೆರಳು ಓಡುತ್ತಿತ್ತು. ಅದರ ಮುಂದೆ ಇನ್ನೊಂದು ವಿಮಾನದ ನೆರಳು. ಎರಡೂ ಒಂದಕ್ಕೊಂದು ಹತ್ತಿರವಾಗುತ್ತಿದ್ದವು.

ಅರ್ಥವಾಯಿತು. ಏನೂ ಮಾಡಲು ಹೊತ್ತಿರಲಿಲ್ಲ. ಚಾವಣಿ ಅವಳ ಕಡೆಯಿಂದ ಒಳಗೆ ಬಂತು.

ರಾವಸಾಬ ಸರ್ ನಮ್ಮ ತಲೆಯ ಮೇಲೆಯೇ ಇಳಿಯುತ್ತಿದ್ದರು. ಸುತ್ತು ಹಾಕದೆ ದೂರದಿಂದ ನೇರವಾಗಿ ಬಂದಿದ್ದಾರೆ. ಕಲಬುರಗಿಯಿಂದ ಹೊರಟವರು ರೇಡಿಯೋವನ್ನು ಅಲ್ಲಿಯದೇ ಫ್ರೀಕ್ವೆನ್ಸಿಯಲ್ಲಿ ಬಿಟ್ಟಿದ್ದರು. ಅವರು ಹೇಳಿದ್ದೆಲ್ಲ ಕಲಬುರಗಿಗೆ ಹೋಯಿತು, ನಾನು ಹೇಳಿದ್ದು ಅವರಿಗೆ ತಲುಪಲಿಲ್ಲ. ಅವರ ವಿಮಾನದ ಒಂದು ಚಕ್ರ ಸೊಟ್ಟಗಾಯಿತು. ರನ್‌ವೇ ಮೇಲೆ ಇಳಿಸಿ ನಡೆದುಕೊಂಡು ಹೋದರಂತೆ.

ನಾವು ಜೋಳದಲ್ಲಿ ಬಿದ್ದೆವು. ಹಕ್ಕಿ ಕಾಯುತ್ತಿದ್ದ ಗುಂಡವ್ವ ಎಂಬ ಮುದುಕಿ ಮೊದಲು ಬಂದವಳು. ಕೈಯಲ್ಲಿ ಕವಣೆ ಇತ್ತು. ಅದನ್ನು ಬಿಸಾಕಿ ಸೌಂದರ್ಯಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮಾತಾಡ ನನ್ನವ್ವಾ, ಏನರ ಮಾತಾಡ" ಎನ್ನುತ್ತಲೇ ಇದ್ದಳು. ಜೀವ ಹೋಗುವ ತನಕ ಸೌಂದರ್ಯಾಳಿಗೆ ಎಚ್ಚರವಿತ್ತು. ಗುಂಡವ್ವನ ಮುಖ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಬಲಗೈಯ ಬೆರಳು ಮಣ್ಣಿನಿಂದ ತುಸು ಮೇಲೆದ್ದಿತ್ತು.

ಆ ಬೆರಳಿನ ಬಗ್ಗೆ ಇಲ್ಲಿನ ಡಾಕ್ಟರನ್ನು ಕೇಳಿದೆ. ಬೆನ್ನುಹುರಿಗೆ ಪೆಟ್ಟಾದಾಗ ಬೆರಳು ತಾನಾಗಿ ಸೆಟೆದುಕೊಳ್ಳಬಹುದು ಎಂದರು. ಹಾಗೆಯೇ ಇರಬೇಕು.

ಫೆಬ್ರವರಿ 16

ರಾವಸಾಬ ಸರ್ ಸೇಬು ಹಣ್ಣು ತಂದಿದ್ದರು. ಪಕ್ಕದಲ್ಲಿ ಕುಳಿತು ಹೇಳಿದರು, "ನಿಮ್ಮ ವಿಮಾನದ ರೆಕ್ಕಿ ತಲಿ ಮ್ಯಾಲ, ನಂದು ಕಾಲ ಕೆಳಗ. ನೀವು ಕೆಳಗ ಇದ್ರಿ, ನಾ ಮ್ಯಾಲ ಇದ್ನಿ. ನಿಮಗ ನಾ ಕಾಣೂದಿಲ್ಲ, ನನಗ ನೀವು ಕಾಣೂದಿಲ್ಲ. ಇದರಾಗ ಯಾರದೇನ ತಪ್ಪ ಐತ್ರಿ?"

ನಾನು ಸೇಬಿನ ಚೀಲವನ್ನು ಪಕ್ಕಕ್ಕೆ ಸರಿಸಿದೆ.

"ಎಡಕ್ಕ ಕುಂತಾಕಿ ನೋಡಿ ಹೇಳಬೇಕಿತ್ತು" ಎಂದರು. "ಹೇಳಿದ್ಲೇನು?"

"ಇಲ್ಲರಿ."

"ಮತ್ತ" ಎಂದರು. ಎದ್ದು ಹೋಗುವಾಗ ಅವರ ಹೆಗಲು ಹಗುರಾದಂತೆ ಕಂಡಿತು. ನನಗೂ ಅವತ್ತಿನಿಂದ ಮೊದಲ ಬಾರಿಗೆ ಊಟ ರುಚಿಸಿತು.

ಮಾರ್ಚ್ 9, ಭಾನುವಾರ. ಇಂಡಿ

ಸೌಂದರ್ಯಾಳ ತಂದೆ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದರು. ಮಡಿವಾಳಪ್ಪ ಮಾಸ್ತರರು, ಗುರವ್ವ. ಮುದ್ದೇಬಿಹಾಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಬರುವಾಗ ಒಂದು ಡಜನ್ ಬಾಳೆಹಣ್ಣು ತಂದಿದ್ದರು, ನನ್ನ ಕಾಲು ಮುರಿದದ್ದಕ್ಕೆ.

ಗುರವ್ವ ನನ್ನ ಮಂಚದ ಹತ್ತಿರ ನೆಲದ ಮೇಲೆಯೇ ಕುಳಿತಳು. ಅಮ್ಮೀ ಎಷ್ಟು ಹೇಳಿದರೂ ಕುರ್ಚಿ ಹತ್ತಲಿಲ್ಲ. "ಬಾಯಾರ, ಒಂದ ಕೇಳಬೇಕಾಗಿತ್ರಿ. ನಮ್ಮ ಹುಡುಗಿ ಕಡೀಕ ಏನರ ಅಂದ್ಲೇನ್ರಿ?"

"ಏನೂ ಅನ್ನಲಿಲ್ಲರಿ" ಎಂದೆ.

"ಅವ್ವಾ ಅಂತನೂ ಅನ್ನಲಿಲ್ಲೇನ್ರಿ?"

"ಇಲ್ಲರಿ."

ಅವಳು ತಲೆಯಾಡಿಸಿದಳು. "ಆಕಿ ಸುಮ್ಮ ಇರೂದು ನಮಗ ಗೊತ್ತ ಇರಲಿಲ್ಲರಿ. ನಿದ್ದ್ಯಾಗೂ ಮಾತಾಡ್ತಿದ್ಲು. ಈ ಸಂಕ್ರಮಣಕ್ಕ ಬಂದಾಗ ಬಾಯಿನ ಬಿಡಲಿಲ್ಲ. ಉಣ್ಣಾಕ ಕುಂತಾಗ ಮಜ್ಜಗಿ ಬೇಕಾದ್ರ ಹಿಂಗ ಬೆರಳ ಎತ್ತತಿದ್ಲು. ನಾವು ನಕ್ವಿರಿ. ಇಷ್ಟ ದೊಡ್ಡಾಕಿ ಆಗಿ ಇದೇನ ಹುಡುಗಾಟಕಿ ಅಂತ. ವಿಮಾನದಾಗಿನ ರೂಢಿ ಏನ್ರಿ ಅದು?"

"ಹೌದ್ರಿ" ಎಂದೆ. "ಶಿಸ್ತು ಇರಬೇಕಾಗತೈತ್ರಿ."

ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ ಮಾಸ್ತರರು ಆಗ ಬಾಯಿ ಬಿಟ್ಟರು. ದನಿ ಏರಿಸಲಿಲ್ಲ. "ನಾನೂ ಕಲಸಾಂವ ಇದ್ದೇನ್ರಿ. ಸಾಲ್ಯಾಗ ಕೂಸು ಬೆರಳ ಎತ್ತಿದ್ರ ನಾವು ಹೇಳು ಅಂತೇವಿ. ಅವತ್ತ ಎತ್ತಿದ್ಲೇನ್ರಿ?"

ಅಮ್ಮೀ ಚಹಾದ ತಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇಲ್ಲರಿ" ಎಂದೆ.

ಅವರಿಗೆ ಇನ್ನಷ್ಟು ನೋವಾಗಬಾರದೆಂದು ಹಾಗೆ ಹೇಳಿದೆ. ಮಾಸ್ತರರು, "ಎತ್ತಿರಬೇಕ್ರಿ. ಆಕಿ ಕಣ್ಣು ಭಾಳ ಚುರುಕ ಇದ್ದೂ" ಎಂದರು. ಚಹಾ ಕುಡಿಯಲಿಲ್ಲ. ಹೋಗುವಾಗ ಗುರವ್ವ ನನ್ನ ಪ್ಲಾಸ್ಟರಿನ ಮೇಲೆ ಕೈಯಿಟ್ಟು, ಲಗೂನ ಆರಾಮ ಆಗ್ರಿ ಎಂದಳು.

ಅವರು ಹೋದ ಮೇಲೆ ಅಮ್ಮೀ ನನ್ನ ಜೊತೆ ಮಾತಾಡಿಲ್ಲ. ಬಸ್‌ಸ್ಟ್ಯಾಂಡಿನ ತನಕ ಅವರ ಜೊತೆ ನಡೆದುಕೊಂಡು ಹೋಗಿ ಬಂದಳು.

ಏಪ್ರಿಲ್ 24

ವಿಚಾರಣೆಗೆ ಹೇಳಿಕೆ ಕೊಟ್ಟೆ. ದಿಲ್ಲಿಯಿಂದ ಬಂದ ಅಧಿಕಾರಿ ಸಭ್ಯ ಮನುಷ್ಯ. ಎಡಗಡೆ ಕುಳಿತ ವಿದ್ಯಾರ್ಥಿನಿ ಇನ್ನೊಂದು ವಿಮಾನದ ಬಗ್ಗೆ ಏನಾದರೂ ಹೇಳಿದಳೇ ಎಂದು ಕೇಳಿದರು. ಒಂದು ಮಾತನ್ನೂ ಹೇಳಲಿಲ್ಲ ಎಂದೆ. ಇದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಯಾಕೆ ಹೇಳಿರಲಿಕ್ಕಿಲ್ಲ ಎಂದು ಕೇಳಿದರು. ಅನುಭವ ಸಾಲದು ಎಂದೆ. ಬರೆದುಕೊಂಡರು.

ರಾವಸಾಬ ಸರ್ ಲೈಸೆನ್ಸ್ ಕೆಲವು ತಿಂಗಳು ಅಮಾನತಾಗಬಹುದು. ನನ್ನ ಮೇಲೆ ಏನೂ ಇಲ್ಲ.

ಜುಲೈ 3

ಕೋಲಿಲ್ಲದೆ ನಡೆಯುತ್ತಿದ್ದೇನೆ. ಸುಭಾಸ ಸರ್ ಸುರಕ್ಷತೆಯ ತರಗತಿಯನ್ನು ನನಗೆ ವಹಿಸಿದ್ದಾರೆ. "ಅನುಭವಿಸಿದಾಕಿ ನೀನ. ನಿನ್ನ ಮಾತು ಹುಡುಗರು ಕೇಳ್ತಾರ" ಎಂದರು. ಕೇಳುತ್ತಾರೆ. ತರಗತಿಯಲ್ಲಿ ಸೂಜಿ ಬಿದ್ದರೂ ಸದ್ದಾಗುತ್ತದೆ.

ಆಗಸ್ಟ್ 18, ಸೋಮವಾರ

ಮತ್ತೆ ಬಲಗಡೆಯ ಸೀಟು. ಕಾಲು ಚೆನ್ನಾಗಿ ಕೆಲಸ ಮಾಡಿತು. ಮಳೆ ಬಿದ್ದು ಹೊಲಗಳೆಲ್ಲ ಹಸಿರಾಗಿವೆ, ಆ ಜೋಳದ ಹೊಲದಲ್ಲಿ ಈಗ ತೊಗರಿ.

ಹೊಸ ವಿದ್ಯಾರ್ಥಿ ಮುತ್ತುರಾಜ, ಬಸವನ ಬಾಗೇವಾಡಿಯವನು. ಎತ್ತರದ ಹುಡುಗ, ಕೈ ಸ್ಥಿರ. ಅವನಿಗೆ ನಾನು ಯಾವ ನಿಯಮವನ್ನೂ ಹೇಳಬೇಕಾಗಲಿಲ್ಲ. ಮೊದಲ ದಿನವೇ ಬಾಯಿ ಮುಚ್ಚಿಕೊಂಡು ಹತ್ತಿದ. ಹಳೆಯ ವಿದ್ಯಾರ್ಥಿಗಳು ಮೊದಲೇ ಎಲ್ಲ ತಿಳಿಸಿಟ್ಟಿರುತ್ತಾರೆ ಎಂದು ಸುಭಾಸ ಸರ್ ಹೇಳಿದರು.

ಇವತ್ತು ಸರ್ಕಿಟ್‌ನಲ್ಲಿ ನಮ್ಮದೇ ಶಾಲೆಯ ಇನ್ನೊಂದು ವಿಮಾನ ದಾರಿ ತಪ್ಪಿ ಎಡಗಡೆಯಿಂದ ನಮ್ಮತ್ತ ಬಂತು. ಅದನ್ನು ಹಾರಿಸುತ್ತಿದ್ದ ಹುಡುಗ ಗಾಬರಿಯಲ್ಲಿ ರೇಡಿಯೋದಲ್ಲಿ ಹೇಳುವುದನ್ನೇ ಮರೆತಿದ್ದ. ನಾನು ನೋಡಿದಾಗ ಅದರ ಬಾಲದ ಮೇಲಿನ ಅಕ್ಷರ ಓದಲು ಬರುವಷ್ಟು ಹತ್ತಿರವಿತ್ತು. ಕೆಳಕ್ಕೆ ಒತ್ತಿ ಬಲಕ್ಕೆ ಹೊರಳಿಸಿದೆ. ಉಳಿದೆವು.

ಇಳಿದ ಮೇಲೆ ಮುತ್ತುರಾಜನನ್ನು ರೆಕ್ಕೆಯ ಕೆಳಗೆ ನಿಲ್ಲಿಸಿ ಕೇಳಿದೆ. "ಆ ವಿಮಾನ ಕಂಡಿತ್ತೇನು?"

"ಕಂಡಿತ್ರಿ ಮೇಡಮ್."

"ಯಾವಾಗ?"

"ನೀವು ನೋಡೂದಕ್ಕಿಂತ ಭಾಳ ಮದ್ಲ ಕಂಡಿತ್ರಿ."

"ಮತ್ತ್ಯಾಕ ಹೇಳಲಿಲ್ಲ?"

ಅವನು ನೆಲ ನೋಡಿದ. ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ. ಮತ್ತೆ ಕೇಳಿದೆ. ಸಾಯುವುದಕ್ಕಿಂತ ಬಾಯಿ ತೆರೆಯುವುದು ಇವನಿಗೆ ಕಷ್ಟವೇ? ಇಷ್ಟು ಅಂಜುಬುರುಕರನ್ನು ಮನೆಯಲ್ಲಿ ಹೇಗೆ ಬೆಳೆಸುತ್ತಾರೋ, ಏನು ಹೇಳಿ ಇಲ್ಲಿಗೆ ಕಳಿಸುತ್ತಾರೋ, ನನಗಂತೂ ತಿಳಿಯದು.

ಒಂದು ವಾರ ವಿಮಾನ ಹತ್ತಕೂಡದು ಎಂದು ಹೇಳಿ ಕಳಿಸಿದೆ.